ಎರಡು ಮೊಕದ್ದಮೆ, ನಾಲ್ವರು ಮಕ್ಕಳು: ಪಾಲಕಿ ಆನಿ ಬೆಸೆಂಟ್ ಕಥೆ

ದಾವಣಗೆರೆಯ ವಿನೋಬನಗರದಲ್ಲಾಗಲಿ, ಹರಿಹರದ ಬಸ್ ನಿಲ್ದಾಣದಲ್ಲಾಗಲಿ ಹೆತ್ತವರು ತೊರೆದ ಹಸುಗೂಸೊಂದು ಇಂದು ಸಿಕ್ಕಿದರೆ, ಅದು ಎತ್ತಿಕೊಂಡವರ ಪಾಲಾಗುವುದಿಲ್ಲ. 24 ಗಂಟೆಯೊಳಗೆ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೆತ್ತವರಿಗಾಗಿ ಹುಡುಕಾಟ ನಡೆಯಬೇಕು. ಅವರು ಸಿಗದಿದ್ದಾಗ ಮಾತ್ರ ಮಗುವನ್ನು ದತ್ತು ಕೊಡಬಹುದೆಂದು ಸಮಿತಿ ಘೋಷಿಸಬೇಕು. ಅಂಥ ಮಗುವನ್ನು ಕೇಳಿಕೊಂಡು ವಿದೇಶಿ ದಂಪತಿ ಬಂದರಂತೂ ಏರಬೇಕಾದ ಮೆಟ್ಟಿಲುಗಳು ಇನ್ನೂ ಹೆಚ್ಚು.

ಅನಾಥ ಮಗುವಿಗೆ ಆಸರೆ ನೀಡಲು ಒಳ್ಳೆಯ ಮನಸ್ಸೊಂದಿದ್ದರೆ ಸಾಲದೆ? ಇಷ್ಟೊಂದು ಕಾಗದಪತ್ರ, ಇಷ್ಟೊಂದು ಕಾಯುವಿಕೆ ಏಕೆ? ಈ ಪ್ರಶ್ನೆಯನ್ನು ಕೇಳುವವರು ಬಹಳ. ಇದಕ್ಕೆ ಉತ್ತರ ಹುಡುಕುವವರು ಒಮ್ಮೆ ಆನಿ ಬೆಸೆಂಟ್ ಅವರ ಬದುಕಿನತ್ತ ತಿರುಗಿ ನೋಡಬೇಕು. ಹೋಂ ರೂಲ್ ಚಳವಳಿಯ ನಾಯಕಿ, ಕಾಂಗ್ರೆಸ್ಸಿನ ಪ್ರಥಮ ಮಹಿಳಾ ಅಧ್ಯಕ್ಷೆ, ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷೆ ಎಂದು ಶಾಲಾ ಪುಸ್ತಕಗಳು ಆಕೆಯನ್ನು ಪರಿಚಯಿಸುತ್ತವೆ. ಆದರೆ ಪಾಲಕತ್ವದ ಕಾನೂನಿನ ಚರಿತ್ರೆಯಲ್ಲಿ ಆಕೆಯ ಹೆಸರು ಎರಡು ಬಾರಿ ಬರುತ್ತದೆ ಎಂಬುದು ಅನೇಕರಿಗೆ ತಿಳಿಯದು. ಮೊದಲ ಬಾರಿ ಲಂಡನ್ನಿನಲ್ಲಿ, ಹೆತ್ತ ಮಗಳನ್ನು ಕಳೆದುಕೊಂಡ ತಾಯಿಯಾಗಿ. ಎರಡನೆಯ ಬಾರಿ ಮದರಾಸಿನಲ್ಲಿ, ಪರರ ಮಕ್ಕಳನ್ನು ಕಡಲಾಚೆಗೆ ಕರೆದೊಯ್ದ ಪಾಲಕಿಯಾಗಿ.

ಪರರ ಆಶ್ರಯದಲ್ಲಿ ಬೆಳೆದ ಬಾಲಕಿ

ಆನಿ ವುಡ್ ಜನಿಸಿದ್ದು 1847ರ ಅಕ್ಟೋಬರ್ 1ರಂದು, ಲಂಡನ್ನಿನಲ್ಲಿ. ಐದರ ಹರೆಯದಲ್ಲಿಯೇ ತಂದೆ ತೀರಿಕೊಂಡರು. ಕೈಯಲ್ಲಿ ಕಾಸಿಲ್ಲದ ತಾಯಿ ಹ್ಯಾರೋ ಪಟ್ಟಣಕ್ಕೆ ಹೋಗಿ, ಅಲ್ಲಿನ ಪ್ರಸಿದ್ಧ ಶಾಲೆಯ ಹುಡುಗರಿಗೆ ವಸತಿ ಮತ್ತು ಊಟ ಒದಗಿಸುವ ಮನೆ ನಡೆಸಿ ಸಂಸಾರ ತೂಗಿಸಿದರು. ಮಗಳನ್ನು ಎಲೆನ್ ಮ್ಯಾರಿಯಟ್ ಎಂಬ ಅವಿವಾಹಿತ ಮಹಿಳೆಯ ಸುಪರ್ದಿಗೆ ಒಪ್ಪಿಸಿದರು. ಕಾದಂಬರಿಕಾರ ಕ್ಯಾಪ್ಟನ್ ಮ್ಯಾರಿಯಟ್ ಅವರ ತಂಗಿಯಾಗಿದ್ದ ಆಕೆ ಬಾಲಕಿಗೆ ಒಳ್ಳೆಯ ಶಿಕ್ಷಣ ನೀಡಿದರು, ಯೂರೋಪಿನ ಪ್ರವಾಸಕ್ಕೂ ಕರೆದೊಯ್ದರು. ತಾಯಿಯಲ್ಲದವರ ಕೈಯಲ್ಲಿಯೂ ಮಗುವೊಂದು ಚೆನ್ನಾಗಿ ಬೆಳೆಯಬಲ್ಲುದು ಎಂಬುದಕ್ಕೆ ಆನಿಯ ಬಾಲ್ಯವೇ ಸಾಕ್ಷಿ. ಮುಂದೆ ಮದರಾಸಿನಲ್ಲಿ ಆಕೆ ತೋರಿದ ಆತ್ಮವಿಶ್ವಾಸದ ಬೇರು ಬಹುಶಃ ಇಲ್ಲಿಯೇ ಇದ್ದಿರಬೇಕು.

ಇಪ್ಪತ್ತರ ವಯಸ್ಸಿನಲ್ಲಿ, 1867ರಲ್ಲಿ, ಪಾದ್ರಿ ಫ್ರಾಂಕ್ ಬೆಸೆಂಟ್ ಅವರೊಡನೆ ವಿವಾಹವಾಯಿತು. 1869ರಲ್ಲಿ ಮಗ ಡಿಗ್ಬಿ, 1870ರಲ್ಲಿ ಮಗಳು ಮೇಬಲ್ ಜನಿಸಿದರು. ಎಳೆಯ ಮೇಬಲ್ ನಾಯಿಕೆಮ್ಮಿಗೆ ತುತ್ತಾಗಿ ವಾರಗಟ್ಟಲೆ ನರಳಿದಾಗ, ದಯಾಮಯನಾದ ದೇವರು ಹಸುಳೆಗೆ ಇಂಥ ಯಾತನೆ ಕೊಡುವನೇ ಎಂಬ ಸಂಶಯ ತಾಯಿಯ ಮನದಲ್ಲಿ ಮೊಳೆಯಿತು. ಪಾದ್ರಿಯ ಹೆಂಡತಿ ಚರ್ಚಿನ ಪ್ರಸಾದ ಸ್ವೀಕರಿಸಲು ನಿರಾಕರಿಸಿದರೆ ಸಂಸಾರ ಉಳಿಯುವುದೆಂತು? 1873ರಲ್ಲಿ ದಂಪತಿ ಬೇರ್ಪಟ್ಟರು. ಒಪ್ಪಂದದ ಪ್ರಕಾರ ಮಗ ತಂದೆಯ ಬಳಿ ಉಳಿದ, ಮಗಳು ತಾಯಿಯೊಡನೆ ಹೊರಟಳು.

ಮೊದಲ ಮೊಕದ್ದಮೆ

ಲಂಡನ್ನಿಗೆ ಬಂದ ಬೆಸೆಂಟ್, ನಾಸ್ತಿಕವಾದಿ ಚಾರ್ಲ್ಸ್ ಬ್ರಾಡ್‌ಲಾ ಅವರ ಸಂಗಡ ಸೇರಿ ಲೇಖಕಿಯಾಗಿ, ಭಾಷಣಕಾರ್ತಿಯಾಗಿ ಹೆಸರಾದರು. ಸಂತಾನ ನಿಯಂತ್ರಣದ ವಿಧಾನಗಳನ್ನು ತಿಳಿಸುವ, ಅಮೆರಿಕದ ವೈದ್ಯ ಚಾರ್ಲ್ಸ್ ನೋಲ್ಟನ್ ಬರೆದ ಕಿರುಹೊತ್ತಗೆಯೊಂದನ್ನು 1877ರಲ್ಲಿ ಇಬ್ಬರೂ ಮರುಮುದ್ರಿಸಿದರು. ಬಡವರ ಮನೆಗಳಲ್ಲಿ ಹುಟ್ಟಿದ ಮಕ್ಕಳು ಹೊಟ್ಟೆಗಿಲ್ಲದೆ ಸಾಯುವುದನ್ನು ತಪ್ಪಿಸಬೇಕೆಂಬುದು ಅವರ ಉದ್ದೇಶವಾಗಿತ್ತು. ಅಶ್ಲೀಲ ಪ್ರಕಟಣೆಯ ಆರೋಪದ ಮೇಲೆ ವಿಚಾರಣೆ ನಡೆದು ಆರು ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ದೋಷಾರೋಪ ಪತ್ರದಲ್ಲಿದ್ದ ತಾಂತ್ರಿಕ ಲೋಪದಿಂದಾಗಿ 1878ರ ಆರಂಭದಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು.

ಸೆರೆಮನೆ ತಪ್ಪಿತು, ಆದರೆ ಅದಕ್ಕಿಂತ ಘೋರವಾದ ಶಿಕ್ಷೆ ಕಾದಿತ್ತು. ಕೆಲವೇ ವಾರಗಳಲ್ಲಿ ಫ್ರಾಂಕ್ ಬೆಸೆಂಟ್ ಮಗಳನ್ನು ತನ್ನ ವಶಕ್ಕೆ ಕೊಡಿಸಬೇಕೆಂದು ನ್ಯಾಯಾಲಯದ ಮೊರೆಹೊಕ್ಕರು. ತಾಯಿ ನಾಸ್ತಿಕಳು, ಮಗುವಿಗೆ ಧರ್ಮಬೋಧೆ ಮಾಡಿಸುತ್ತಿಲ್ಲ, ಅಶ್ಲೀಲವೆನಿಸಿದ ಪುಸ್ತಕ ಪ್ರಕಟಿಸಿದ್ದಾಳೆ ಎಂಬುದು ಅವರ ವಾದ. ಬೆಸೆಂಟ್ ವಕೀಲರನ್ನು ನೇಮಿಸಿಕೊಳ್ಳದೆ ತಾವೇ ವಾದಿಸಿದರು. ಹೆಣ್ಣೊಬ್ಬಳು ನ್ಯಾಯಾಲಯದಲ್ಲಿ ಎದ್ದು ನಿಂತು ವಾದಿಸುವುದು ನ್ಯಾಯಾಧೀಶ ಸರ್ ಜಾರ್ಜ್ ಜೆಸೆಲ್ ಅವರಿಗೆ ರುಚಿಸಲಿಲ್ಲ. ತಾಯಿ ಮಗಳನ್ನು ಅಕ್ಕರೆಯಿಂದ ನೋಡಿಕೊಂಡಿದ್ದಾರೆ ಎಂಬ ಬಗ್ಗೆ ತಕರಾರಿರಲಿಲ್ಲ. ಆದರೂ ಇಂಥ ಅಭಿಪ್ರಾಯಗಳುಳ್ಳ ಹೆಂಗಸಿನ ಬಳಿ ಬೆಳೆದರೆ ಮಗುವಿಗೆ ಸಮಾಜದಲ್ಲಿ ಸ್ಥಾನವಿರದೆಂದು ನ್ಯಾಯಾಲಯ ನಿರ್ಧರಿಸಿತು. ಎಂಟು ವರ್ಷವೂ ತುಂಬದ ಮೇಬಲ್ ತಂದೆಯ ಪಾಲಾದಳು. 1879ರಲ್ಲಿ ಮೇಲ್ಮನವಿಯೂ ಫಲಿಸಲಿಲ್ಲ. ಮಕ್ಕಳನ್ನು ಭೇಟಿಯಾಗುವ ಅವಕಾಶವಷ್ಟೇ ದೊರೆಯಿತು. ಆ ಭೇಟಿಗಳೂ ಕಹಿಯಾಗತೊಡಗಿದಾಗ, ಮಕ್ಕಳು ದೊಡ್ಡವರಾಗಿ ತಾವೇ ತೀರ್ಮಾನಿಸುವವರೆಗೆ ದೂರವಿರಲು ಬೆಸೆಂಟ್ ನಿಶ್ಚಯಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಂದೆಯ ಹಕ್ಕು ಏನು, ತಾಯಿಯ ನಂಬಿಕೆ ಏನು ಎಂಬುದರ ಮೇಲೆ ಬಿಸಿಬಿಸಿ ಚರ್ಚೆ ನಡೆಯಿತು. ಯಾರ ಬಳಿ ಇರಬಯಸುತ್ತೀಯೆ ಎಂಬ ಪ್ರಶ್ನೆ ಮಾತ್ರ ಮೇಬಲ್‌ಳ ಪಾಲಿಗೆ ತೀರ್ಪನ್ನು ನಿರ್ಧರಿಸುವ ಪ್ರಶ್ನೆಯಾಗಲಿಲ್ಲ. ಅದಕ್ಕೆ ಉತ್ತರ ವರ್ಷಗಳ ಅನಂತರ ತಾನಾಗಿಯೇ ಬಂತು. ಪ್ರಾಯಕ್ಕೆ ಬಂದ ಮೇಲೆ ಮಗ, ಮಗಳು ಇಬ್ಬರೂ ತಾಯಿಯ ಬಳಿಗೆ ಮರಳಿದರು.

ಕಾರ್ಖಾನೆಯಿಂದ ಕಾಶಿಗೆ

ಮಕ್ಕಳಿಲ್ಲದ ಆ ವರ್ಷಗಳನ್ನು ಬೆಸೆಂಟ್ ಊರ ಮಕ್ಕಳಿಗಾಗಿ ಸವೆಸಿದರು. 1888ರಲ್ಲಿ ಲಂಡನ್ನಿನ ಬೆಂಕಿಪೊಟ್ಟಣ ಕಾರ್ಖಾನೆಯ ಹೆಣ್ಣುಮಕ್ಕಳ ದುಃಸ್ಥಿತಿಯನ್ನು ಪತ್ರಿಕೆಯಲ್ಲಿ ಬಯಲಿಗೆಳೆದರು. ಅದನ್ನು ಹಿಂಬಾಲಿಸಿದ ಮುಷ್ಕರ ಕಾರ್ಮಿಕ ಚಳವಳಿಯ ಚರಿತ್ರೆಯಲ್ಲಿ ಅಚ್ಚಳಿಯದೆ ಉಳಿದಿದೆ. ಅದೇ ವರ್ಷ ಲಂಡನ್ ಶಾಲಾ ಮಂಡಳಿಗೆ ಚುನಾಯಿತರಾಗಿ ಬಡ ವಿದ್ಯಾರ್ಥಿಗಳ ಊಟಕ್ಕಾಗಿ ದನಿಯೆತ್ತಿದರು. 1889ರಲ್ಲಿ ಮೇಡಂ ಬ್ಲವಾಟ್‌ಸ್ಕಿ ಅವರ ಪ್ರಭಾವಕ್ಕೆ ಒಳಗಾಗಿ ಥಿಯಾಸಫಿ ಸೇರಿದಾಗ ಹಳೆಯ ಸಂಗಾತಿಗಳು ಬೆರಗಾದರು.

1893ರ ನವೆಂಬರಿನಲ್ಲಿ ತೂತ್ತುಕುಡಿಯ ಬಂದರಿನಲ್ಲಿ ಇಳಿದ ಬೆಸೆಂಟ್ ಭಾರತವನ್ನೇ ತವರೆಂದು ಭಾವಿಸಿದರು. 1898ರಲ್ಲಿ ಕಾಶಿಯಲ್ಲಿ ಸೆಂಟ್ರಲ್ ಹಿಂದೂ ಕಾಲೇಜು ಆರಂಭಿಸಿದರು. 1907ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷರಾಗಿ ಮದರಾಸಿನ ಅಡ್ಯಾರಿನಲ್ಲಿ ನೆಲೆನಿಂತರು. ಕನ್ನಡ ನಾಡಿಗೂ ಅವರ ಪ್ರಭಾವ ಹರಿದುಬಂತು. ಬೆಂಗಳೂರಿನ ಬಸವನಗುಡಿಯಲ್ಲಿ 1917ರಲ್ಲಿ ಆರಂಭವಾದ ನ್ಯಾಷನಲ್ ಹೈಸ್ಕೂಲು, ಮಂಗಳೂರಿನಲ್ಲಿ ಅವರ ಹೆಸರನ್ನೇ ಹೊತ್ತು 1918ರಲ್ಲಿ ಆರಂಭವಾದ ಬಾಲಕಿಯರ ಶಾಲೆ ಇದಕ್ಕೆ ನಿದರ್ಶನ.

ಅಡ್ಯಾರಿನ ಕಡಲತೀರದಲ್ಲಿ

ಕರ್ನಾಟಕದ ಗಡಿಗೆ ಹತ್ತಿರದ ಮದನಪಲ್ಲಿಯಲ್ಲಿ 1895ರ ಮೇ ತಿಂಗಳಿನಲ್ಲಿ ತೆಲುಗು ಬ್ರಾಹ್ಮಣ ಕುಟುಂಬವೊಂದರ ಎಂಟನೆಯ ಮಗುವಾಗಿ ಹುಟ್ಟಿದ ಹುಡುಗನಿಗೆ ಕೃಷ್ಣಮೂರ್ತಿ ಎಂದು ಹೆಸರಿಟ್ಟಿದ್ದರು. ತಂದೆ ಜಿಡ್ಡು ನಾರಾಯಣಯ್ಯ ಕಂದಾಯ ಇಲಾಖೆಯ ನೌಕರರು, ಬಹುಕಾಲದಿಂದ ಥಿಯಾಸಫಿಸ್ಟರು. 1905ರಲ್ಲಿ ತಾಯಿ ಸಂಜೀವಮ್ಮ ಗತಿಸಿದರು. ನಿವೃತ್ತರಾದ ನಾರಾಯಣಯ್ಯ 1909ರ ಜನವರಿಯಲ್ಲಿ ಅಡ್ಯಾರಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಆವರಣದ ಹೊರಗಿನ ಸೌಕರ್ಯವಿಲ್ಲದ ಮನೆಯೊಂದರಲ್ಲಿ ಗಂಡುಮಕ್ಕಳೊಡನೆ ವಾಸವಾದರು. ಮಕ್ಕಳು ಬಡಕಲಾಗಿದ್ದರು. ಮಂಕಾಗಿ ಕಾಣುತ್ತಿದ್ದ ಕೃಷ್ಣಮೂರ್ತಿಗೆ ಶಾಲೆಯಲ್ಲಿ ಏಟು ತಪ್ಪುತ್ತಿರಲಿಲ್ಲ.

ಆ ವರ್ಷ ಕಡಲತೀರದಲ್ಲಿ ಹುಡುಗನನ್ನು ಕಂಡ ಬೆಸೆಂಟರ ಸಹವರ್ತಿ ಚಾರ್ಲ್ಸ್ ಲೆಡ್‌ಬೀಟರ್, ಈತ ಮುಂದೆ ಜಗದ್ಗುರುವಾಗುವನೆಂದು ಸಾರಿದರು. ಬೆಸೆಂಟ್ ಅದನ್ನು ಮನಸಾರೆ ನಂಬಿದರು. ಕೃಷ್ಣಮೂರ್ತಿಯನ್ನೂ ಆತನ ತಮ್ಮ ನಿತ್ಯಾನಂದನನ್ನೂ ಆವರಣದೊಳಕ್ಕೆ ಕರೆತಂದು ಪೌಷ್ಟಿಕ ಆಹಾರ, ಪಾಠ, ಆಟ ಎಲ್ಲಕ್ಕೂ ವ್ಯವಸ್ಥೆ ಮಾಡಲಾಯಿತು. 1910ರ ಮಾರ್ಚ್ 6ರಂದು ನಾರಾಯಣಯ್ಯ ಪತ್ರವೊಂದಕ್ಕೆ ಸಹಿ ಹಾಕಿ ಇಬ್ಬರು ಮಕ್ಕಳ ಪಾಲಕತ್ವವನ್ನು ಬೆಸೆಂಟ್ ಅವರಿಗೆ ಒಪ್ಪಿಸಿದರು. ಕೊಡುವವರು ಸಂಸ್ಥೆಯ ಆಶ್ರಯದಲ್ಲಿದ್ದ ಬಡ ವಿಧುರ, ಪಡೆಯುವವರು ಅದೇ ಸಂಸ್ಥೆಯ ಅಧ್ಯಕ್ಷೆ. ನಡುವೆ ನ್ಯಾಯಾಲಯವೂ ಇರಲಿಲ್ಲ, ಅಧಿಕಾರಿಯೂ ಇರಲಿಲ್ಲ. ಹತ್ತು-ಹದಿನೈದರ ಹರೆಯದ ಆ ಮಕ್ಕಳು ತೊರೆದ ಮಕ್ಕಳಲ್ಲ, ತಂದೆಯೇ ನಂಬಿ ಕೊಟ್ಟ ಮಕ್ಕಳು. ಆದರೆ ನಂಬಿ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಹುದೇ ಎಂದು ಅಂದು ಯಾರೂ ಯೋಚಿಸಿದಂತಿಲ್ಲ.

ಎರಡನೆಯ ಮೊಕದ್ದಮೆ

ತಂದೆಯ ಮನಸ್ಸು ಬಹುಬೇಗ ಕಲಕಿತು. ಮಗನನ್ನು ದೇವರಂತೆ ಮೆರೆಸುತ್ತಿದ್ದುದು ಬಂಧುಬಳಗದಲ್ಲಿ ನಗೆಪಾಟಲಾಗಿತ್ತು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಲೆಡ್‌ಬೀಟರ್ ಅವರ ಸಹವಾಸ. ಬಾಲಕರಿಗೆ ಲೈಂಗಿಕ ವಿಷಯದಲ್ಲಿ ನೀಡಿದ ಸಲಹೆಗಳಿಂದಾಗಿ 1906ರಲ್ಲಿ ವಿವಾದಕ್ಕೆ ಸಿಲುಕಿ ಸೊಸೈಟಿಯಿಂದ ಹೊರಹೋಗಿದ್ದ ಅವರು, ಬೆಸೆಂಟ್ ಅಧ್ಯಕ್ಷರಾದ ಬಳಿಕ ಮರಳಿ ಬಂದಿದ್ದರು. ಅವರಿಂದ ಮಕ್ಕಳನ್ನು ದೂರವಿರಿಸಬೇಕೆಂದು ನಾರಾಯಣಯ್ಯ ಪಟ್ಟುಹಿಡಿದರು. 1912ರಲ್ಲಿ ಬೆಸೆಂಟ್ ಮಕ್ಕಳನ್ನು ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಕರೆದೊಯ್ದರು. ಆ ವಸಂತದಲ್ಲಿ ಇಟಲಿಯಲ್ಲಿ ಮಕ್ಕಳು ಲೆಡ್‌ಬೀಟರ್ ಜೊತೆಯಲ್ಲಿಯೇ ಇದ್ದರು. ಅನಂತರ ಮಕ್ಕಳನ್ನು ಇಂಗ್ಲೆಂಡಿನಲ್ಲಿ ಬಿಟ್ಟು ಬೆಸೆಂಟ್ ಭಾರತಕ್ಕೆ ಮರಳಿದರು.

1912ರ ಅಕ್ಟೋಬರಿನಲ್ಲಿ ನಾರಾಯಣಯ್ಯ ಚೆಂಗಲ್ಪಟ್ಟು ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದು ಮದರಾಸು ಹೈಕೋರ್ಟಿಗೆ ವರ್ಗವಾಯಿತು. ಮುಂದೆ ತಿರುವಾಂಕೂರಿನ ದಿವಾನರಾದ ಸಿ.ಪಿ. ರಾಮಸ್ವಾಮಿ ಅಯ್ಯರ್ ತಂದೆಯ ಪರ ನಿಂತರು. ಬೆಸೆಂಟ್ ಮತ್ತೊಮ್ಮೆ ತಾವೇ ವಾದಿಸಿದರು. 35 ವರ್ಷಗಳ ಹಿಂದೆ ಹೆತ್ತ ಮಗಳಿಗಾಗಿ ವಾದಿಸಿದ ಮಹಿಳೆ, ಈಗ ಹೆತ್ತ ತಂದೆಯೊಬ್ಬರ ವಿರುದ್ಧ ವಾದಿಸುತ್ತಿದ್ದರು.

1913ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಬೇಕ್‌ವೆಲ್ ತೀರ್ಪಿತ್ತರು. ಲೆಡ್‌ಬೀಟರ್ ದುರಾಚಾರ ಎಸಗಿದ್ದಾರೆಂಬ ನಿರ್ದಿಷ್ಟ ಆರೋಪ ಸಾಬೀತಾಗಿಲ್ಲ. ಆದರೆ ಅವರೇ ಒಪ್ಪಿಕೊಂಡ ಅಭಿಪ್ರಾಯಗಳನ್ನು ನೋಡಿದರೆ ಬಾಲಕರ ಸಮೀಪ ಇರತಕ್ಕ ವ್ಯಕ್ತಿ ಅವರಲ್ಲ. ಆದ್ದರಿಂದ ಮಕ್ಕಳನ್ನು ತಂದೆಗೆ ಒಪ್ಪಿಸಬೇಕು ಎಂಬುದು ತೀರ್ಪಿನ ತಿರುಳು. ಸುಳ್ಳು ಆರೋಪದ ಕಾರಣಕ್ಕಾಗಿ ಖರ್ಚನ್ನು ಮಾತ್ರ ತಂದೆಯ ಮೇಲೆ ಹೊರಿಸಲಾಯಿತು. ಅದೇ ಅಕ್ಟೋಬರಿನಲ್ಲಿ ಹೈಕೋರ್ಟಿನ ಮೇಲ್ಮನವಿ ಪೀಠವೂ ತಂದೆಯ ಪರವಾಗಿಯೇ ನಿಂತಿತು. ಬೆಸೆಂಟ್ ಲಂಡನ್ನಿನ ಪ್ರಿವಿ ಕೌನ್ಸಿಲ್ ಮೆಟ್ಟಿಲೇರಿದರು.

ಗೆದ್ದವರಾರು?

1914ರ ಮೇ ತಿಂಗಳಿನಲ್ಲಿ ಪ್ರಿವಿ ಕೌನ್ಸಿಲ್ ಮದರಾಸಿನ ತೀರ್ಪುಗಳನ್ನು ತಳ್ಳಿಹಾಕಿತು. ಮೇಲ್ನೋಟಕ್ಕೆ ಬೆಸೆಂಟ್ ಗೆದ್ದರು. ಆದರೆ ತೀರ್ಪನ್ನು ಓದಿದವರಿಗೆ ಬೇರೆಯೇ ಚಿತ್ರ ಕಾಣುತ್ತದೆ.

ಹಿಂದೂ ತಂದೆಯ ಪಾಲಕತ್ವ ಪವಿತ್ರವಾದ ಹೊಣೆಗಾರಿಕೆ, ಪತ್ರವೊಂದರ ಮೂಲಕ ಅದನ್ನು ಶಾಶ್ವತವಾಗಿ ಬೇರೆಯವರಿಗೆ ಬರೆದುಕೊಡಲು ಬರುವುದಿಲ್ಲ ಎಂದು ನ್ಯಾಯಾಧೀಶರು ಸ್ಪಷ್ಟಪಡಿಸಿದರು. ಮಕ್ಕಳ ಪಾಲನೆ ಮತ್ತು ವಿದ್ಯಾಭ್ಯಾಸವನ್ನು ಇನ್ನೊಬ್ಬರಿಗೆ ವಹಿಸಬಹುದು, ಆದರೆ ಮಕ್ಕಳ ಹಿತಕ್ಕೆ ಅಗತ್ಯವಾದರೆ ಅದನ್ನು ಹಿಂದಕ್ಕೆ ಪಡೆಯಬಹುದು. ಅಂದರೆ ಬೆಸೆಂಟ್ ಕೈಯಲ್ಲಿದ್ದ 1910ರ ಪತ್ರಕ್ಕೆ ಅಂತಿಮ ಬೆಲೆಯಿಲ್ಲ. ಇನ್ನೊಂದೆಡೆ, ಹೊಸ ಪರಿಸರದಲ್ಲಿ ಮಕ್ಕಳಿಗೆ ಬೇರು ಬಿಟ್ಟಿದ್ದರೆ, ಅದನ್ನು ಕಿತ್ತರೆ ಅವರಿಗೇ ಹಾನಿಯಾಗುವಂತಿದ್ದರೆ, ತಂದೆಯ ಹಕ್ಕಿಗೂ ನ್ಯಾಯಾಲಯ ಅಡ್ಡ ಬರಬಹುದು. ಇವೆಲ್ಲ ತೀರ್ಮಾನವಾಗಬೇಕಾದದ್ದು ಸಾಮಾನ್ಯ ದಾವೆಯಲ್ಲಲ್ಲ. ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಎಂದು ವಕೀಲರು ಕರೆಯುವ 1890ರ ಪಾಲಕತ್ವ ಕಾಯ್ದೆಯ ಅಡಿಯಲ್ಲಿ, ಮಕ್ಕಳ ಹಿತವನ್ನು ಮುಂದಿಟ್ಟುಕೊಂಡು. ಇಂಗ್ಲೆಂಡಿನಲ್ಲಿರುವ ಮಕ್ಕಳ ಮೇಲೆ ಚೆಂಗಲ್ಪಟ್ಟಿನ ನ್ಯಾಯಾಲಯಕ್ಕೆ ಅಧಿಕಾರವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬುದ್ಧಿ ಬಲಿತ ಮಕ್ಕಳ ಇಚ್ಛೆಯನ್ನು ತಿಳಿಯದೆ ಅವರನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುವ ಆದೇಶ ಸಲ್ಲದು.

ಪಾಲಕಿಯ ಪ್ರೀತಿಯಾಗಲಿ, ತಂದೆಯ ರಕ್ತಸಂಬಂಧವಾಗಲಿ ಮಗುವಿನ ಮೇಲಿನ ಒಡೆತನದ ಪತ್ರವಲ್ಲ ಎಂಬುದು ಇದರಿಂದ ಹೊರಟ ಪಾಠ. ಭಾರತದ ನ್ಯಾಯಾಲಯಗಳಲ್ಲಿ ಪಾಲಕತ್ವದ ವ್ಯಾಜ್ಯಗಳು ಬಂದಾಗ ಬೆಸೆಂಟ್ ಮತ್ತು ನಾರಾಯಣಯ್ಯ ಪ್ರಕರಣದ ಹೆಸರು ಕೇಳಿಬರುವುದು ಇದೇ ಕಾರಣಕ್ಕೆ.

ಮಕ್ಕಳು ಬೆಳೆದರು

ತೀರ್ಪಿನ ಬಳಿಕ ಬೆಸೆಂಟ್ ರಾಜಕೀಯಕ್ಕೆ ಧುಮುಕಿದರು. 1914ರಲ್ಲಿ ನ್ಯೂ ಇಂಡಿಯಾ ಪತ್ರಿಕೆ, 1916ರಲ್ಲಿ ಹೋಂ ರೂಲ್ ಲೀಗ್, 1917ರಲ್ಲಿ ಉದಕಮಂಡಲದಲ್ಲಿ ಸ್ಥಾನಬದ್ಧತೆ, ಅದೇ ವರ್ಷಾಂತ್ಯದಲ್ಲಿ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಗಿರಿ. ಮಕ್ಕಳು ಇಂಗ್ಲೆಂಡಿನಲ್ಲಿ ಉಳಿದರು. ಮೊಕದ್ದಮೆಯ ಗದ್ದಲದ ನೆರಳು ಅವರನ್ನು ಬಿಡಲಿಲ್ಲ. ಕೃಷ್ಣಮೂರ್ತಿಗೆ ಆಕ್ಸ್‌ಫರ್ಡಿನ ಬಾಗಿಲು ತೆರೆಯಲಿಲ್ಲ. ಹತ್ತು ವರ್ಷಗಳ ಸಮೀಪ ತಾಯ್ನಾಡಿನಿಂದ ದೂರವಿದ್ದ ಸಹೋದರರು 1921ರ ಕೊನೆಯಲ್ಲಷ್ಟೇ ಭಾರತಕ್ಕೆ ಮರಳಿದರು. 1925ರ ನವೆಂಬರಿನಲ್ಲಿ ನಿತ್ಯಾನಂದ ಕ್ಷಯರೋಗಕ್ಕೆ ಬಲಿಯಾದರು.

1929ರ ಆಗಸ್ಟ್ 3ರಂದು ಹಾಲೆಂಡಿನ ಓಮ್ಮೆನ್‌ನಲ್ಲಿ, ಬೆಸೆಂಟ್ ಅವರ ಸಮ್ಮುಖದಲ್ಲಿಯೇ, ತನಗಾಗಿ ಕಟ್ಟಿದ್ದ ಆರ್ಡರ್ ಆಫ್ ದಿ ಸ್ಟಾರ್ ಸಂಘಟನೆಯನ್ನು ಕೃಷ್ಣಮೂರ್ತಿ ವಿಸರ್ಜಿಸಿದರು. ಹಿರಿಯರು ತನಗಾಗಿ ಆರಿಸಿದ್ದ ಪಟ್ಟವನ್ನು ಬೇಡವೆಂದರು. ಎಂಬತ್ತೊಂದರ ಇಳಿವಯಸ್ಸಿನ ಪಾಲಕಿಗೆ ಇದು ಸಣ್ಣ ಆಘಾತವಲ್ಲ. ಆದರೂ ಸಂಬಂಧ ಕಡಿಯಲಿಲ್ಲ. ಕೃಷ್ಣಮೂರ್ತಿ ಆಕೆಯನ್ನು ಅಮ್ಮಾ ಎಂದು ಕರೆಯುವುದನ್ನು ನಿಲ್ಲಿಸಲಿಲ್ಲ. 1933ರ ಸೆಪ್ಟೆಂಬರ್ 20ರಂದು ಅಡ್ಯಾರಿನಲ್ಲಿ ಬೆಸೆಂಟ್ ಕೊನೆಯುಸಿರೆಳೆದರು. ಕೃಷ್ಣಮೂರ್ತಿ 1986ರವರೆಗೆ ಬಾಳಿ, ಜಗತ್ತಿನಾದ್ಯಂತ ಕೇಳುಗರನ್ನು ಪಡೆದರು. ಮದನಪಲ್ಲಿ ಸಮೀಪದ ರಿಷಿ ವ್ಯಾಲಿ, ಬೆಂಗಳೂರಿನ ವ್ಯಾಲಿ ಸ್ಕೂಲ್ ಅವರ ಚಿಂತನೆಯ ಶಾಲೆಗಳು.

ಹಳೆಯ ಕಾಯ್ದೆ, ಹೊಸ ಕಾವಲು

ಅಂದಿನ ಕಾನೂನಿನಲ್ಲಿ ಬೆಸೆಂಟ್ ಪರದೇಶಿಯಾಗಿರಲಿಲ್ಲ. ಆಕೆಯೂ ನಾರಾಯಣಯ್ಯನವರೂ ಒಂದೇ ಸಾಮ್ರಾಜ್ಯದ ಪ್ರಜೆಗಳು. ಸ್ವಾತಂತ್ರ್ಯಾನಂತರ ಚಿತ್ರ ಬದಲಾಯಿತು. 1956ರ ದತ್ತಕ ಕಾಯ್ದೆ ಹಿಂದೂಗಳಿಗಷ್ಟೇ ಅನ್ವಯಿಸುತ್ತಿದ್ದುದರಿಂದ, ಭಾರತದ ತಬ್ಬಲಿ ಮಕ್ಕಳನ್ನು ಬಯಸಿದ ವಿದೇಶಿಯರಿಗೆ ಅದೇ 1890ರ ಕಾಯ್ದೆಯೇ ದಾರಿಯಾಯಿತು. ನ್ಯಾಯಾಲಯದಿಂದ ಪಾಲಕರಾಗಿ ನೇಮಕಗೊಂಡು, ಮಗುವನ್ನು ತಮ್ಮ ದೇಶಕ್ಕೆ ಕರೆದೊಯ್ದು, ಅಲ್ಲಿನ ಕಾನೂನಿನಂತೆ ದತ್ತು ಪಡೆಯುವುದು ರೂಢಿಗೆ ಬಂತು. ಹೀಗೆ ಹೋದ ಮಕ್ಕಳಲ್ಲಿ ಕೆಲವರ ಗತಿಯ ಬಗ್ಗೆ ಆತಂಕ ವ್ಯಕ್ತಪಡಿಸಿ ವಕೀಲ ಲಕ್ಷ್ಮೀಕಾಂತ ಪಾಂಡೆ 1982ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ನ್ಯಾಯಮೂರ್ತಿ ಪಿ.ಎನ್. ಭಗವತಿ ನೇತೃತ್ವದ ಪೀಠ 1984ರ ಫೆಬ್ರುವರಿ 6ರಂದು ವಿವರವಾದ ಮಾರ್ಗಸೂಚಿ ನೀಡಿತು. ಮಗುವಿಗೆ ಮೊದಲು ಭಾರತದಲ್ಲಿಯೇ ಮನೆ ಹುಡುಕಬೇಕು, ವಿದೇಶಿ ಅರ್ಜಿದಾರರ ಮನೆಯ ಸ್ಥಿತಿಗತಿಯ ವರದಿ ಅವರ ದೇಶದ ಮಾನ್ಯ ಸಂಸ್ಥೆಯಿಂದಲೇ ಬರಬೇಕು, ನ್ಯಾಯಾಲಯಕ್ಕೆ ನೆರವಾಗಲು ಸ್ವತಂತ್ರ ಪರಿಶೀಲನಾ ಸಂಸ್ಥೆ ಇರಬೇಕು ಎಂದಿತು. 1990ರಲ್ಲಿ ಕೇಂದ್ರೀಯ ದತ್ತು ಸಂಸ್ಥೆ ಕಾರಾ ಸ್ಥಾಪನೆಯಾಯಿತು. ಅಂತರದೇಶೀಯ ದತ್ತು ಕುರಿತ 1993ರ ಹೇಗ್ ಒಡಂಬಡಿಕೆಯನ್ನು ಭಾರತ 2003ರಲ್ಲಿ ಅನುಮೋದಿಸಿತು.

ಈಗ ಜಾರಿಯಲ್ಲಿರುವುದು 2015ರ ಬಾಲನ್ಯಾಯ ಕಾಯ್ದೆ. ತೊರೆದ ಮಗು ಎರಡು ವರ್ಷದೊಳಗಿನದಾದರೆ ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ಸಮಿತಿ ತನ್ನ ಘೋಷಣೆ ಮಾಡಬೇಕು. ಮಗುವನ್ನು ತಾವಾಗಿ ಒಪ್ಪಿಸುವ ಹೆತ್ತವರು ಸಮಿತಿಯ ಮುಂದೆಯೇ ಪತ್ರಕ್ಕೆ ಸಹಿ ಹಾಕಬೇಕು. ಮನಸ್ಸು ಬದಲಾಯಿಸಲು ಅವರಿಗೆ ಎರಡು ತಿಂಗಳ ಕಾಲಾವಕಾಶ ಉಂಟು. ದತ್ತು ಆದೇಶಕ್ಕೆ ಮುನ್ನ ಮಗುವಿನ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಅದರ ಇಚ್ಛೆಯನ್ನು ಪರಿಗಣಿಸಬೇಕು. 2022ರ ಸೆಪ್ಟೆಂಬರಿನಿಂದ ಈ ಆದೇಶ ನೀಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ.

ಒಂದೊಂದು ನಿಯಮವನ್ನೂ 1910ರ ಅಡ್ಯಾರಿನ ಪತ್ರದ ಪಕ್ಕದಲ್ಲಿಟ್ಟು ನೋಡಿದರೆ ಅದರ ಅರ್ಥ ಹೊಳೆಯುತ್ತದೆ. ನಾರಾಯಣಯ್ಯನವರಿಗೆ ಯೋಚಿಸಲು ಎರಡು ತಿಂಗಳು ಸಿಕ್ಕಿರಲಿಲ್ಲ. ಮಕ್ಕಳು ಯಾರ ಸಹವಾಸದಲ್ಲಿ ಬೆಳೆಯುವರೆಂದು ಪರಿಶೀಲಿಸುವ ಮೂರನೆಯವರು ಇರಲಿಲ್ಲ. ಮೇಬಲ್‌ಳ ಇಚ್ಛೆಗೆ ಲಂಡನ್ನಿನಲ್ಲಿ ಬೆಲೆ ಸಿಗಲಿಲ್ಲ, ಕೃಷ್ಣಮೂರ್ತಿಯ ಇಚ್ಛೆಯನ್ನು ಮದರಾಸಿನಲ್ಲಿ ಯಾರೂ ಕೇಳಿರಲಿಲ್ಲ.

ಬೆಸೆಂಟ್ ಕೆಟ್ಟ ತಾಯಿಯಾಗಿರಲಿಲ್ಲ, ಕೆಟ್ಟ ಪಾಲಕಿಯೂ ಆಗಿರಲಿಲ್ಲ. ಎರಡು ಬಾರಿಯೂ ಆಕೆಯ ಅಕ್ಕರೆ ನಿಜವಾದದ್ದೇ. ಅಷ್ಟು ನಿಜವಾದ ಅಕ್ಕರೆಯೂ ಒಮ್ಮೆ ಅನ್ಯಾಯಕ್ಕೆ ಗುರಿಯಾಯಿತು, ಇನ್ನೊಮ್ಮೆ ಇನ್ನೊಬ್ಬರ ಅಳಲಿಗೆ ಕಿವುಡಾಯಿತು. ದತ್ತು ಕಚೇರಿಯ ಹೊರಗೆ ಕಡತ ಹಿಡಿದು ಕಾಯುವ ದಂಪತಿಗೆ, ಅವರು ದಾವಣಗೆರೆಯವರಿರಲಿ, ದೂರದ ದೇಶದವರಿರಲಿ, ಆ ಕಾಯುವಿಕೆ ಬೇಸರ ತರುವುದು ಸಹಜ. ಆದರೆ ಆ ಕಡತ ಅವರ ಒಳ್ಳೆಯತನವನ್ನು ಶಂಕಿಸಲು ಇರುವುದಲ್ಲ. ಇನ್ನೂ ಮಾತು ಬಾರದ ಮಗುವಿನ ಪರವಾಗಿ ಕೇಳಬೇಕಾದ ಪ್ರಶ್ನೆಗಳನ್ನು ಕೇಳಲು ಇರುವುದು.